ಪ್ರವಾದಿ ಯಾರ ವಿಷಯ ಹೇಳುತ್ತಿದ್ದಾನೆ?

(ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಒಂದು ಸಂಜೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೈಬಲಿನ ಹೊಸ ಒಡಂಬಡಿಕೆಯಲ್ಲಿ, ಅಪೊಸ್ತಲರ ಕೃತ್ಯಗಳ ಎಂಟನೇ ಅಧ್ಯಾಯದಲ್ಲಿ ಒಬ್ಬ ಪ್ರಯಾಣಿಕ ಬರುತ್ತಾನೆ. ಇಥಿಯೋಪ್ಯದ ರಾಣಿಯ ಖಜಾನೆ ನೋಡಿಕೊಳ್ಳುವ ದೊಡ್ಡ ಅಧಿಕಾರಿ. ಆರಾಧನೆಗೆ ಯೆರೂಸಲೇಮಿಗೆ ಬಂದವನು ಗಾಜಾದ ದಾರಿ ಹಿಡಿದು ಊರಿಗೆ ವಾಪಸ್ ಹೊರಟಿದ್ದಾನೆ. ರಥದಲ್ಲಿ ಕೂತು ಯೆಶಾಯನ ಗ್ರಂಥ ಓದುತ್ತಿದ್ದಾನೆ. ಅದನ್ನು ಕೇಳಿಸಿಕೊಂಡ ಸುವಾರ್ತೆ ಸಾರುವ ಫಿಲಿಪ್ಪ ಓಡಿಬಂದು, "ಓದುತ್ತಿರುವುದು ಅರ್ಥವಾಗುತ್ತಿದೆಯಾ?" ಎನ್ನುತ್ತಾನೆ. "ಯಾರೂ ತಿಳಿಸಿಕೊಡದಿದ್ದರೆ ಹೇಗೆ ಅರ್ಥವಾದೀತು?" ಎಂದು ಆತ ಫಿಲಿಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾನೆ. ಅವನು ಓದುತ್ತಿದ್ದದ್ದು 53ನೇ ಅಧ್ಯಾಯ. ವಧೆಗೆ ಒಯ್ದ ಕುರಿಯ ಹಾಗೆ ಬಾಯಿ ತೆರೆಯದೆ ಹೋದ ಒಬ್ಬನ ವಿಷಯ ಅಲ್ಲಿದೆ. ಓದಿ ಮುಗಿಸಿ ಅವನು ಕೇಳಿದ: "ಪ್ರವಾದಿ ಇದನ್ನು ಯಾರ ವಿಷಯವಾಗಿ ಹೇಳುತ್ತಿದ್ದಾನೆ? ತನ್ನ ವಿಷಯವೋ, ಬೇರೆಯವರ ವಿಷಯವೋ?"

ಎಷ್ಟು ಒಳ್ಳೆಯ ಪ್ರಶ್ನೆ ನೋಡಿ. ಎರಡು ಸಾವಿರ ವರ್ಷ ಯೆಹೂದ್ಯರೂ ಕ್ರೈಸ್ತರೂ ವಾದ ಮಾಡಿದ್ದು ಈ ಪ್ರಶ್ನೆಯ ಮೇಲೇ. ಹೊಸ ಒಡಂಬಡಿಕೆಯ ಒಳಗೇ, ಒಬ್ಬ ಪ್ರಾಮಾಣಿಕ ಓದುಗನ ಬಾಯಲ್ಲಿ, ಅದು ಬಂದಿದೆ.

ಪ್ರತಿ ಡಿಸೆಂಬರ್‌ನಲ್ಲೂ ನಮ್ಮ ಮೊಬೈಲ್‌ಗಳಿಗೆ ಒಂದು ಪಟ್ಟಿ ಬರುತ್ತದೆ. ನೀವೂ ನೋಡಿರುತ್ತೀರಿ. ಎಡಗಡೆ ಹಳೆಯ ಒಡಂಬಡಿಕೆಯ, ಅಂದರೆ ಯೇಸುವಿಗೆ ಮೊದಲಿನ ಯೆಹೂದ್ಯರ ಗ್ರಂಥಗಳ, ವಚನ, ಬಲಗಡೆ ಅದು ಯೇಸುವಿನಲ್ಲಿ ನೆರವೇರಿದ ವಚನ. "300ಕ್ಕೂ ಹೆಚ್ಚು ಪ್ರವಾದನೆಗಳು" ಅಂತ ತಲೆಬರಹ. ಕಳಿಸುವವರ ಭಕ್ತಿಯ ಮೇಲೆ ನನಗೆ ಅನುಮಾನ ಇಲ್ಲ. ಆದರೆ ಆ ಪಟ್ಟಿ ಹಿಡಿದು ಹಳೆಯ ಒಡಂಬಡಿಕೆ ತೆರೆಯುವ ಒಬ್ಬ ಕಾಲೇಜು ಹುಡುಗಿಯನ್ನು ನೆನೆಸಿಕೊಳ್ಳಿ. ಅವಳು ಎಡಗಡೆಯ ವಚನವನ್ನು ಅದರ ಅಧ್ಯಾಯದಲ್ಲೇ ಓದುತ್ತಾಳೆ. ಅಲ್ಲಿ ಮುಂದಾಗುವುದರ ಸುದ್ದಿಯೇ ಇರುವುದಿಲ್ಲ. ಎಷ್ಟೋ ಕಡೆ ಹಿಂದೆ ಆಗಿಹೋದ ಸಂಗತಿ ಇರುತ್ತದೆ. ಆಗ ಅವಳಿಗೆ ಏನನ್ನಿಸಬೇಕು? ಸುವಾರ್ತೆ ಬರೆದವರು ಮೋಸ ಮಾಡಿದರು ಅನ್ನಿಸುತ್ತದೆ. ಇಲ್ಲವೇ, ಸಭೆಯಲ್ಲಿ ನನಗೆ ಸುಳ್ಳು ಹೇಳಿದರು ಅನ್ನಿಸುತ್ತದೆ. ಎರಡೂ ನಿಜವಲ್ಲ. ಮೊದಲ ಕ್ರೈಸ್ತರು ಪ್ರವಾದನೆಯನ್ನು ಓದಿದ ರೀತಿ ಈ ಪಟ್ಟಿಯ ರೀತಿ ಆಗಿರಲೇ ಇಲ್ಲ. ಅವರು ಪಟ್ಟಿ ಹಿಡಿದು ಯೇಸುವನ್ನು ಹುಡುಕಲಿಲ್ಲ. ಯೇಸುವನ್ನು ಕಂಡರು, ಅವನು ಸತ್ತದ್ದನ್ನು ನೋಡಿದರು, ಎದ್ದಿದ್ದಾನೆಂದು ನಂಬಿದರು. ಆಮೇಲೆ ಚಿಕ್ಕಂದಿನಿಂದ ಕೇಳಿದ್ದ ಗ್ರಂಥಗಳ ಕಡೆಗೆ ತಿರುಗಿದರು. ಅವರ ಓದು ಹಿಂದಕ್ಕೆ ಹೋದ ಓದು. ಅದನ್ನು ಒಪ್ಪಿಕೊಂಡರೆ ನಂಬಿಕೆ ಬಡವಾಗುವುದಿಲ್ಲ, ಗಟ್ಟಿಯಾಗುತ್ತದೆ ಅನ್ನುವುದು ನನ್ನ ಮಾತು.

ಮೊದಲು ಮೆಸ್ಸೀಯನ ನಿರೀಕ್ಷೆ ಎಲ್ಲಿಂದ ಬಂತು ಎಂದು ನೋಡೋಣ. ಮೆಸ್ಸೀಯ ಅಂದರೆ ಎಣ್ಣೆಯಿಂದ ಅಭಿಷೇಕ ಪಡೆದವನು. ಇಸ್ರಾಯೇಲಿನ ಅರಸರೂ ಯಾಜಕರೂ ಅಭಿಷಿಕ್ತರೇ. ಯೆಶಾಯ 45ರಲ್ಲಿ ಪಾರಸಿಯ ರಾಜ ಕೋರೆಷನನ್ನೂ ದೇವರು "ನನ್ನ ಅಭಿಷಿಕ್ತ" ಎನ್ನುತ್ತಾನೆ. ಕೋರೆಷ ಯೆಹೂದ್ಯನೂ ಅಲ್ಲ. ಹಾಗಾಗಿ ಈ ಬಿರುದು ಶುರುವಿನಿಂದಲೇ ಕೊನೆಯ ಕಾಲದ ಒಬ್ಬ ರಕ್ಷಕನಿಗೆ ಮೀಸಲಾಗಿರಲಿಲ್ಲ.

ಬೇರು ಇರುವುದು ದಾವೀದನಿಗೆ ಸಿಕ್ಕ ಮಾತಿನಲ್ಲಿ. 2 ಸಮುವೇಲ 7ರಲ್ಲಿ ಪ್ರವಾದಿ ನಾತಾನ ದಾವೀದನಿಗೆ, ನಿನ್ನ ಸಿಂಹಾಸನ ಸದಾಕಾಲ ಸ್ಥಿರವಾಗಿರುತ್ತದೆ ಎಂದು ದೇವರ ಮಾತು ತಿಳಿಸುತ್ತಾನೆ. ನಾನೂರು ವರ್ಷದಷ್ಟು ಕಾಲ ಅದು ನಡೆದೂ ನಡೆಯಿತು. ಆಮೇಲೆ ಕ್ರಿಸ್ತಪೂರ್ವ 587ರ ಸುಮಾರಿಗೆ ಬಾಬೆಲಿನ ನೆಬೂಕದ್ನೆಚ್ಚರನ ಸೈನ್ಯ ಯೆರೂಸಲೇಮನ್ನು ಸುಟ್ಟಿತು. ಅರಸ ಚಿದ್ಕೀಯನ ಕಣ್ಣೆದುರೇ ಅವನ ಮಕ್ಕಳನ್ನು ಕೊಂದರು. ಆಮೇಲೆ ಅವನ ಕಣ್ಣು ಕೀಳಿಸಿ, ಸಂಕೋಲೆ ಹಾಕಿ ಒಯ್ದರು. ಸಿಂಹಾಸನ ಹೋಯಿತು. ದೇವಾಲಯ ಬೂದಿಯಾಯಿತು. ದೇವರ ಮಾತು ಏನಾಯಿತು?

89ನೇ ಕೀರ್ತನೆ ಓದಿ. ಮೊದಲರ್ಧ ಪೂರ್ತಿ ದಾವೀದನಿಗೆ ಕೊಟ್ಟ ಮಾತಿನ ಕೊಂಡಾಟ. ನಡುವೆ ಸಟ್ಟನೆ ತಿರುಗಿ, ನೀನೇ ನಿನ್ನ ಅಭಿಷಿಕ್ತನನ್ನು ತಳ್ಳಿಬಿಟ್ಟೆ, ದಾವೀದನಿಗೆ ಆಣೆಯಿಟ್ಟು ಹೇಳಿದ ಆ ಪ್ರೀತಿ ಈಗ ಎಲ್ಲಿ, ಎಂದು ದೇವರನ್ನೇ ತರಾಟೆಗೆ ತೆಗೆದುಕೊಳ್ಳುತ್ತದೆ. ಮೆಸ್ಸೀಯನ ನಿರೀಕ್ಷೆಗೆ ಜೀವ ಬಂದದ್ದು ಈ ಗಾಯದಲ್ಲಿ. ದೇವರು ಸುಳ್ಳಾಡುವವನಲ್ಲ. ಅರಸ ಮಾತ್ರ ಇಲ್ಲ. ಹಾಗಾದರೆ ಅರಸ ಇನ್ನೂ ಬರಬೇಕು.

ಬರುವವನು ಎಂಥವನು ಅನ್ನುವುದರಲ್ಲಿ ಒಮ್ಮತ ಇರಲಿಲ್ಲ. ಯೆರೂಸಲೇಮಿನಿಂದ ಪರರಾಜ್ಯದವರನ್ನು ಓಡಿಸುವ ದಾವೀದನ ಮಗನಿಗಾಗಿ ಕೆಲವರು ಕಾದರು. ಸತ್ತ ಸಮುದ್ರದ ಪಕ್ಕ ಕುಮ್ರಾನ್‌ನಲ್ಲಿ ಸಿಕ್ಕ ಸುರುಳಿಗಳಲ್ಲಿ ಒಬ್ಬ ಯಾಜಕ, ಒಬ್ಬ ಅರಸ, ಹೀಗೆ ಇಬ್ಬರು ಅಭಿಷಿಕ್ತರ ನಿರೀಕ್ಷೆ ಕಾಣುತ್ತದೆ. ಆದರೆ ರೋಮಿನವರ ಕೈಯಲ್ಲಿ ಶಿಲುಬೆಗೇರಿ ಸಾಯುವ ಮೆಸ್ಸೀಯ ಬರಲಿ ಎಂದು ಕಾದು ಕೂತವರು ಯಾರೂ ಇರಲಿಲ್ಲ. ಶಿಷ್ಯರೂ ಕಾದಿರಲಿಲ್ಲ. ಲೂಕ 24ರಲ್ಲಿ ಎಮ್ಮಾಹುವಿಗೆ ಹೋಗುತ್ತಿದ್ದ ಇಬ್ಬರು, ಇಸ್ರಾಯೇಲನ್ನು ಬಿಡಿಸುವವನು ಇವನೇ ಎಂದು ನಾವು ನಂಬಿಕೊಂಡಿದ್ದೆವು, ಎಂದು ಹೇಳುತ್ತಾರೆ. ಆ ಮಾತಿನಲ್ಲಿ ಎಂಥ ಸೋಲಿದೆ! ಧರ್ಮೋಪದೇಶಕಾಂಡ 21ರ ಪ್ರಕಾರ ಮರಕ್ಕೆ ತೂಗುಹಾಕಲ್ಪಟ್ಟವನು ಶಾಪಗ್ರಸ್ತ. ಗ್ರಂಥ ಬಲ್ಲ ಯೆಹೂದ್ಯನಿಗೆ ಶಿಲುಬೆ ಅಂದರೆ ಈ ಮನುಷ್ಯ ಮೆಸ್ಸೀಯ ಅಲ್ಲ ಅನ್ನುವುದಕ್ಕೆ ಸಾಕ್ಷಿ.

ಹೀಗಿರುವಾಗ ಅವರು ಗ್ರಂಥವನ್ನು ಮತ್ತೆ ಓದಲೇಬೇಕಾಯಿತು. ಎದ್ದು ಬಂದ ಯೇಸು ದಾರಿಯಲ್ಲಿ ಜೊತೆಗೂಡಿ ಮೋಶೆಯಿಂದ ಹಿಡಿದು ಎಲ್ಲ ಪ್ರವಾದಿಗಳ ಮಾತನ್ನೂ ಅವರಿಗೆ ಬಿಡಿಸಿ ಹೇಳಿದನು ಎಂದು ಲೂಕ ಬರೆಯುತ್ತಾನೆ. ಯಾವ್ಯಾವ ವಚನ ಅಂತ ಮಾತ್ರ ಬರೆಯುವುದಿಲ್ಲ. ಶಿಲುಬೆಯ ಘಟನೆಯಾಗಿ ಇಪ್ಪತ್ತು ಇಪ್ಪತ್ತೈದು ವರ್ಷದ ಒಳಗೆ ಪೌಲ ಕೊರಿಂಥದವರಿಗೆ ಬರೆದ ಪತ್ರದಲ್ಲಿ, ತನಗೆ ಮೊದಲೇ ಬಂದಿದ್ದ ಒಂದು ಬೋಧನೆಯನ್ನು ನೆನಪಿಸುತ್ತಾನೆ: ಕ್ರಿಸ್ತನು ಶಾಸ್ತ್ರದ ಪ್ರಕಾರವೇ ನಮ್ಮ ಪಾಪಗಳಿಗಾಗಿ ಸತ್ತನು, ಶಾಸ್ತ್ರದ ಪ್ರಕಾರವೇ ಮೂರನೇ ದಿನ ಎದ್ದನು. ಅವನೂ ವಚನದ ಸಂಖ್ಯೆ ಕೊಡುವುದಿಲ್ಲ. ಆ ಜನರಿಗೆ ಶಾಸ್ತ್ರವೆಲ್ಲ ಸೇರಿ ಒಂದೇ ಕಥೆ. ಆ ಕಥೆ ಬಂದು ಮುಟ್ಟಿದ್ದು ಇಲ್ಲಿಗೆ.

ಈಗ ನನಗೆ ತುಂಬಾ ಇಷ್ಟವಾದ ಉದಾಹರಣೆಗೆ ಬರುತ್ತೇನೆ. ಪಟ್ಟಿಯ ಓದು ಪೂರ್ತಿ ಸೋಲುವುದು ಇಲ್ಲೇ. ಮತ್ತಾಯನ ಎರಡನೇ ಅಧ್ಯಾಯ. ಹೆರೋದನ ಭಯದಿಂದ ಯೋಸೇಫ ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಐಗುಪ್ತಕ್ಕೆ ಹೋಗುತ್ತಾನೆ. ಆಗ ಮತ್ತಾಯ, "ಐಗುಪ್ತದಿಂದ ನನ್ನ ಮಗನನ್ನು ಕರೆದೆನು" ಎಂದು ಪ್ರವಾದಿ ಹೇಳಿದ್ದು ನೆರವೇರಿತು ಎನ್ನುತ್ತಾನೆ. ಇದು ಹೋಶೇಯ 11:1. ತೆಗೆದು ನೋಡಿ. ಇಸ್ರಾಯೇಲ್ ಎಳೆಯ ಮಗುವಾಗಿದ್ದಾಗ ನಾನು ಅವನನ್ನು ಪ್ರೀತಿಸಿದೆ, ಐಗುಪ್ತದಿಂದ ನನ್ನ ಮಗನನ್ನು ಕರೆದೆ, ಎಂದಿದೆ. ಮಗ ಅಂದರೆ ಇಡೀ ಜನಾಂಗ. ಹೋಶೇಯನಿಗೆ ಎಷ್ಟೋ ಶತಮಾನ ಹಿಂದೆ ಮೋಶೆಯ ಕಾಲದಲ್ಲಿ ಆಗಿಹೋದ ಬಿಡುಗಡೆ ಅದು. ಮುಂದಿನ ವಚನದಲ್ಲೇ, ಕರೆದಷ್ಟೂ ಅವರು ದೂರ ಹೋದರು, ಬಾಳ ಎಂಬ ಅನ್ಯದೇವತೆಗೆ ಬಲಿ ಕೊಟ್ಟರು ಎಂಬ ದೂರು. ಇದನ್ನು ಯೇಸುವಿಗೆ ಅಂಟಿಸಲು ಆಗುತ್ತದೆಯೇ?

ಮತ್ತಾಯನಿಗೆ ಈ ಎರಡನೇ ವಚನ ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. ಅವನು ಶಾಸ್ತ್ರದಲ್ಲೇ ಮುಳುಗಿ ಎದ್ದವನು. ಅವನು ಮಾಡುತ್ತಿರುವುದನ್ನು ಮುಂದಿನ ಎರಡು ಅಧ್ಯಾಯಗಳ ಜೊತೆಗಿಟ್ಟು ನೋಡಿ. ಇಸ್ರಾಯೇಲ್ ಐಗುಪ್ತದಿಂದ ಹೊರಟು, ನೀರು ದಾಟಿ, ಅಡವಿಯಲ್ಲಿ 40 ವರ್ಷ ಅಲೆದು, ಅಲ್ಲಿ ಸೋತಿತು. ಯೇಸು ಐಗುಪ್ತದಿಂದ ಬಂದು, ಯೊರ್ದನಿನ ನೀರಲ್ಲಿ ಮುಳುಗೆದ್ದು, ಅಡವಿಯಲ್ಲಿ 40 ದಿನ ಇದ್ದು, ಅಲ್ಲಿ ಗೆದ್ದನು. ಅಲ್ಲಿ ತನ್ನನ್ನು ಪರೀಕ್ಷಿಸಿದ ಸೈತಾನನಿಗೆ ಅವನು ಕೊಟ್ಟ ಮೂರು ಉತ್ತರಗಳೂ ಧರ್ಮೋಪದೇಶಕಾಂಡದವು. ಅಂದರೆ ಇಸ್ರಾಯೇಲಿನ ಅಡವಿಯ ದಿನಗಳನ್ನು ನೆನೆಸುವ ಅಧ್ಯಾಯಗಳಿಂದಲೇ ತೆಗೆದವು. ಆಮೇಲೆ ಐದನೇ ಅಧ್ಯಾಯದಲ್ಲಿ ಅವನು ಬೆಟ್ಟ ಹತ್ತಿ ಉಪದೇಶ ಮಾಡುತ್ತಾನೆ. ಮಗನಾದ ಇಸ್ರಾಯೇಲ್ ನಡೆದು ಎಡವಿದ ದಾರಿಯಲ್ಲೇ ಈ ಮಗನು ಮತ್ತೆ ನಡೆದು, ಎಡವದೆ ದಾಟುತ್ತಿದ್ದಾನೆ. ಮತ್ತಾಯನ ಪಾಲಿಗೆ "ನೆರವೇರಿತು" ಅಂದರೆ ಇದು. ಹೋಶೇಯ ಭವಿಷ್ಯ ನುಡಿದ, ಅದು ನಿಜವಾಯಿತು ಎಂಬ ಸಣ್ಣ ಮಾತಲ್ಲ. ಆ ಹಳೆಯ ಕಥೆ ತುಂಬಿ ಬಂತು ಅನ್ನುವ ದೊಡ್ಡ ಮಾತು.

ನಮ್ಮ ಮನೆಗಳಲ್ಲಿ "ಅಜ್ಜಿ ಆಗ್ಲೇ ಹೇಳಿದ್ದಳು" ಅನ್ನುತ್ತೇವೆ, ಅಲ್ವಾ? ಅಜ್ಜಿ ತನ್ನ ಕಾಲದ ಯಾವುದೋ ಕಷ್ಟಕ್ಕೆ ಆಡಿದ ಮಾತು ಅದು. ಮೂವತ್ತು ವರ್ಷ ಆದಮೇಲೆ ನಮ್ಮ ಬದುಕಿನಲ್ಲಿ ಒಂದು ಘಟನೆಯಾಗುತ್ತದೆ. ಆಗ ಆ ಮಾತು ನೆನಪಾಗಿ, ಅದರಲ್ಲಿ ಇಷ್ಟೆಲ್ಲ ಇತ್ತಾ ಅನ್ನಿಸುತ್ತದೆ. ಅಜ್ಜಿಗೆ ನಮ್ಮ ಘಟನೆ ಗೊತ್ತಿರಲಿಲ್ಲ. ಆದರೂ ನಾವು ಹೇಳುವುದು ಸುಳ್ಳಲ್ಲ. ಕ್ರೈಸ್ತರು ಇದರ ಮೇಲೆ ಇನ್ನೊಂದು ಹೆಜ್ಜೆ ಇಡುತ್ತಾರೆ: ಪ್ರವಾದಿಗೆ ಗೊತ್ತಿಲ್ಲದಿದ್ದರೂ ಪ್ರವಾದಿಯ ಬಾಯಲ್ಲಿ ಮಾತಿಟ್ಟ ದೇವರಿಗೆ ಗೊತ್ತಿತ್ತು. ಈ ಹೆಜ್ಜೆ ನಂಬಿಕೆಯದು. ಚರಿತ್ರೆ ಓದಿ ಅದನ್ನು ಸಾಧಿಸಲು ಬರುವುದಿಲ್ಲ. ನಾನು ಅದನ್ನು ನಂಬುತ್ತೇನೆ. ಆದರೆ ಅದು ನಂಬಿಕೆ ಎಂದು ಹೇಳಿಯೇ ನಂಬುತ್ತೇನೆ.

ಈಗ ಯೆಶಾಯ 53. ಅವನು ತಿರಸ್ಕಾರಕ್ಕೆ ಗುರಿಯಾದವನು, ನಮ್ಮ ಸಂಕಷ್ಟಗಳನ್ನು ಹೊತ್ತವನು, ನಮ್ಮ ದ್ರೋಹಗಳಿಗಾಗಿ ಗಾಯಗೊಂಡವನು, ಅವನ ಬಾಸುಂಡೆಗಳಿಂದ ನಮಗೆ ಗುಣವಾಯಿತು. ಕ್ರೈಸ್ತನಾದವನು ಇದನ್ನು ಓದುವಾಗ ಶಿಲುಬೆ ಕಣ್ಣಿಗೆ ಬಾರದೆ ಇರುವುದು ಸಾಧ್ಯವೇ ಇಲ್ಲ. ಶುಭ ಶುಕ್ರವಾರದ ಆರಾಧನೆಯಲ್ಲಿ ಈ ಅಧ್ಯಾಯ ಕೇಳುವಾಗ ನನ್ನ ಗಂಟಲು ಕಟ್ಟುತ್ತದೆ. ಇದನ್ನು ಶಿಲುಬೆ ಆದಮೇಲೆ ಯಾರೋ ಬರೆದು ಸೇರಿಸಿದರು ಅನ್ನುವ ಹಾಗೂ ಇಲ್ಲ. 1947ರಲ್ಲಿ ಕುಮ್ರಾನ್ ಗುಹೆಯಲ್ಲಿ ಸಿಕ್ಕ ಯೆಶಾಯನ ದೊಡ್ಡ ಸುರುಳಿ ಏಳು ಮೀಟರ್‌ಗಿಂತ ಉದ್ದ ಇದೆ. 66 ಅಧ್ಯಾಯಗಳೂ ಹೆಚ್ಚುಕಡಿಮೆ ಪೂರ್ತಿ ಇವೆ. ಯೇಸುವಿಗೆ ನೂರು ವರ್ಷಕ್ಕೂ ಹಿಂದೆ ನಕಲು ಮಾಡಿದ ಆ ಸುರುಳಿಯಲ್ಲಿ ಈ ಅಧ್ಯಾಯವೂ ಇದೆ.

ಸುರುಳಿ ತೋರಿಸುವುದು ಪಠ್ಯದ ವಯಸ್ಸನ್ನು ಮಾತ್ರ. ಇಥಿಯೋಪ್ಯದ ಆ ಅಧಿಕಾರಿಯ ಪ್ರಶ್ನೆಗೆ ಅದರಲ್ಲಿ ಉತ್ತರ ಇಲ್ಲ. ಯೆಹೂದ್ಯರ ಉತ್ತರವನ್ನು ನಾವು ಗೌರವದಿಂದ ಕೇಳಬೇಕು, ಯಾಕೆಂದರೆ ಅದಕ್ಕೆ ಗ್ರಂಥದಲ್ಲೇ ಆಧಾರ ಇದೆ. ಯೆಶಾಯ 41ರಿಂದ ದೇವರು "ನನ್ನ ಸೇವಕ" ಎಂದು ಕರೆಯುತ್ತಾ ಬರುವುದು ಇಸ್ರಾಯೇಲನ್ನು. 49:3ರಲ್ಲಿ, ಇಸ್ರಾಯೇಲೇ, ನೀನು ನನ್ನ ಸೇವಕ, ಎಂದು ಬಾಯಿಬಿಟ್ಟು ಹೇಳಿದೆ. ಹಾಗಾದರೆ 53ರ ಸೇವಕನೂ ನರಳುತ್ತಿರುವ ಇಸ್ರಾಯೇಲ್ ಜನಾಂಗವೇ. ಬಾಬೆಲಿನ ಸೆರೆಯಲ್ಲಿ ಸತ್ತಂತಾಗಿದ್ದ ಜನ ಎದ್ದು ಬಂದಾಗ ಬೇರೆ ಅರಸರು ಬೆರಗಾಗಿ ನೋಡುತ್ತಾರೆ. ಈ ಓದನ್ನು ಕ್ರೈಸ್ತರಿಗೆ ಉತ್ತರ ಕೊಡಲಿಕ್ಕೆಂದು ಮಧ್ಯಯುಗದಲ್ಲಿ ಕಟ್ಟಿದರು ಎಂದು ಕೆಲವು ಬೋಧಕರು ಹೇಳುವುದುಂಟು. ಅದು ಸರಿಯಲ್ಲ. ಮೂರನೇ ಶತಮಾನದ ಕ್ರೈಸ್ತ ಪಂಡಿತ ಓರಿಗೆನ್, ಯೆಹೂದಿ ವಿದ್ವಾಂಸರು ವಾದದಲ್ಲಿ ತನಗೆ ಇದೇ ಅರ್ಥ ಹೇಳಿದರು ಎಂದು ಬರೆದಿಟ್ಟಿದ್ದಾನೆ. ಆಮೇಲೆ ಫ್ರಾನ್ಸಿನ ಯೆಹೂದಿ ವ್ಯಾಖ್ಯಾನಕಾರ ರಾಶಿ ಎಂಬವರು ಇದನ್ನು ವಿವರವಾಗಿ ಬರೆದರು. ಅವರು ಬದುಕಿದ್ದಾಗಲೇ, 1096ರಲ್ಲಿ, ಮೊದಲ ಕ್ರುಸೇಡಿಗೆ, ಅಂದರೆ ಕ್ರೈಸ್ತರ ಧರ್ಮಯುದ್ಧಕ್ಕೆ, ಹೊರಟ ಗುಂಪುಗಳು ವರ್ಮ್ಸ್ ಮತ್ತು ಮೈಂಜ್ ಊರುಗಳಲ್ಲಿ ಯೆಹೂದ್ಯರ ಕೊಲೆ ಮಾಡಿದವು. ರಾಶಿ ಯುವಕರಾಗಿದ್ದಾಗ ಕಲಿತ ಊರುಗಳು ಅವು. ಕೊಲ್ಲುವವರ ಬಟ್ಟೆಯ ಮೇಲೆ ಶಿಲುಬೆಯ ಗುರುತು. ವಧೆಗೆ ಒಯ್ದ ಕುರಿ ಯಾರು ಎಂದು ಆ ಊರಿನವರನ್ನು ಕೇಳಿದ್ದರೆ ಏನು ಹೇಳುತ್ತಿದ್ದರು?

ಇದನ್ನು ಹೇಳದೆ ನಾನು ಈ ಅಧ್ಯಾಯ ಬೋಧಿಸುವುದಿಲ್ಲ.

ಹಾಗಾದರೆ ಕ್ರೈಸ್ತ ಓದು ಬಿದ್ದುಹೋಯಿತೇ? ಇಲ್ಲ. ಅದೇ 49ನೇ ಅಧ್ಯಾಯದಲ್ಲಿ, ಇಸ್ರಾಯೇಲ್ ಎಂದು ಕರೆಸಿಕೊಂಡ ಸೇವಕನಿಗೆ ಇಸ್ರಾಯೇಲನ್ನೇ ದೇವರ ಕಡೆಗೆ ತಿರುಗಿಸುವ ಕೆಲಸ ಕೊಡಲಾಗುತ್ತದೆ. ಜನಾಂಗವೂ ಅವನೇ, ಜನಾಂಗಕ್ಕಾಗಿ ನಿಂತವನೂ ಅವನೇ. ಪ್ರವಾದಿಯ ಮಾತಿನಲ್ಲೇ ಈ ಎರಡೂ ಇವೆ. ಯೇಸುವನ್ನು ಸುವಾರ್ತೆಗಳು ಕಂಡದ್ದೂ ಹೀಗೇ, ಇಸ್ರಾಯೇಲನ್ನು ತನ್ನೊಳಗೆ ಹೊತ್ತ ಒಬ್ಬ ಇಸ್ರಾಯೇಲ್ಯನಾಗಿ. ಹಾಗಾಗಿ ಸೇವಕ ಇಸ್ರಾಯೇಲ್ ಎಂಬ ಓದನ್ನು ಅಳಿಸಿ ಕ್ರಿಸ್ತನನ್ನು ಬರೆಯಬೇಕಾಗಿಲ್ಲ. ಅದರ ಮೇಲೆ ನಿಂತೇ ನಾವು ಕ್ರಿಸ್ತನನ್ನು ನೋಡುತ್ತೇವೆ. ಫಿಲಿಪ್ಪ ಮಾಡಿದ್ದನ್ನೂ, ಅಪೊಸ್ತಲರ ಕೃತ್ಯಗಳನ್ನು ಬರೆದ ಲೂಕ ಎಚ್ಚರದಿಂದ ಬರೆದಿದ್ದಾನೆ: ಆ ವಚನದಿಂದ ಆರಂಭಿಸಿ ಯೇಸುವಿನ ವಿಷಯವಾದ ಶುಭವಾರ್ತೆ ಹೇಳಿದನು.

ಸಭೆಯ ಚರಿತ್ರೆಯಲ್ಲೂ ಈ ಓದು ಒಂದೇ ಥರ ಇರಲಿಲ್ಲ. ಎರಡನೇ ಶತಮಾನದಲ್ಲಿ ಮಾರ್ಸಿಯನ್ ಎಂಬವನು ಹಳೆಯ ಒಡಂಬಡಿಕೆಯನ್ನೇ ಬಿಟ್ಟುಬಿಡೋಣ ಎಂದ. ರೋಮಿನ ಸಭೆ ಅವನನ್ನು ಹೊರಹಾಕಿತು. ಪ್ರವಾದಿಗಳಿಲ್ಲದೆ ಕ್ರಿಸ್ತನನ್ನು ಅರ್ಥ ಮಾಡಿಕೊಳ್ಳಲು ಆಗುವುದಿಲ್ಲ ಎಂದು ಆಗಲೇ ತೀರ್ಮಾನವಾಯಿತು. ಇನ್ನೊಂದು ತುದಿಯಲ್ಲಿ ಪ್ರತಿ ಸಾಲಿನಲ್ಲೂ ಕ್ರಿಸ್ತನನ್ನು ಕಂಡವರಿದ್ದರು. ಮಾಪ್ಸುಯೆಸ್ತಿಯಾದ ಬಿಷಪ್ ಥಿಯೊಡೋರ್ (ಕ್ರಿ.ಶ. 428ರಲ್ಲಿ ತೀರಿಕೊಂಡರು) ಮಾತ್ರ, ನೇರವಾಗಿ ಕ್ರಿಸ್ತನನ್ನು ಕುರಿತ ಕೀರ್ತನೆಗಳು ನಾಲ್ಕೇ ಎಂದರು. ಮಿಕ್ಕವನ್ನು ಅವುಗಳ ಕಾಲದಲ್ಲಿಟ್ಟು ಓದಿ ಎಂದರು. ಸತ್ತ ನೂರಕ್ಕೂ ಹೆಚ್ಚು ವರ್ಷದ ಮೇಲೆ, 553ರ ಮಹಾಸಭೆಯಲ್ಲಿ ಅವರನ್ನು ಖಂಡಿಸಿದರು. ಕಾರಣ ಬೇರೆಯವೂ ಇದ್ದವು. ಆದರೂ ಅವರ ಆ ಎಚ್ಚರ ನಮಗೆ ಇವತ್ತು ಬೇಕು.

2001ರಲ್ಲಿ ವ್ಯಾಟಿಕನ್‌ನ ಬೈಬಲ್ ಆಯೋಗ ಯೆಹೂದ್ಯರ ಗ್ರಂಥಗಳ ಬಗ್ಗೆ ಒಂದು ದೀರ್ಘ ದಾಖಲೆ ಹೊರತಂದಿತು. ಮುಂದೆ ಪೋಪ್ ಆದ ಕಾರ್ಡಿನಲ್ ರಾಟ್ಸಿಂಗರ್ ಅದಕ್ಕೆ ಮುನ್ನುಡಿ ಬರೆದರು. ಹಳೆಯ ಒಡಂಬಡಿಕೆಯ ಪ್ರವಾದನೆಗಳನ್ನು ಮುಂದಿನ ಘಟನೆಗಳ ಫೋಟೋ ಎಂಬಂತೆ ನೋಡುವುದು ತಪ್ಪು ಎಂದು ಅದು ಹೇಳುತ್ತದೆ. ಕ್ರೈಸ್ತರ ಓದು ಹಿಂದಿರುಗಿ ನೋಡುವ ಓದು ಎಂದೂ, ಯೆಹೂದ್ಯರು ಮೆಸ್ಸೀಯನಿಗಾಗಿ ಕಾಯುವುದು ವ್ಯರ್ಥವಲ್ಲ ಎಂದೂ ಹೇಳುತ್ತದೆ. ನಾನು ಪ್ರೊಟೆಸ್ಟೆಂಟ್ ಮನೆಯಲ್ಲಿ ಬೆಳೆದವನು. ಆದರೆ ಈ ಮಾತುಗಳಿಗೆ ಪೂರ್ತಿ ಸಹಿ ಹಾಕುತ್ತೇನೆ.

ಮಾತು ಮುಗಿದ ಮೇಲೆ ಒಬ್ಬರು ಹಿರಿಯರು ಕೇಳಿದರು: "ಯೆಹೂದ್ಯರು ಯೇಸುವನ್ನು ಒಪ್ಪದಿರಲು ಮುಖ್ಯ ಕಾರಣ ಯಾವುದು?"

ಅದಕ್ಕೆ ನಾನು 1263ರ ಬಾರ್ಸಿಲೋನಾದ ವಾದವನ್ನು ನೆನಪಿಸಿದೆ. ಅರಗೋನಿನ ರಾಜ ಒಂದನೇ ಜೇಮ್ಸ್ ಎದುರಿಗೆ, ಯೆಹೂದ್ಯನಾಗಿ ಹುಟ್ಟಿ ಕ್ರೈಸ್ತನಾದ ಪಾಬ್ಲೋ ಕ್ರಿಸ್ತಿಯಾನಿ ಒಂದು ಕಡೆ, ಯೆಹೂದಿ ಧರ್ಮಗುರು ರಬ್ಬಿ ನಹ್ಮಾನಿದೆಸ್ ಇನ್ನೊಂದು ಕಡೆ. ನಹ್ಮಾನಿದೆಸ್ ಹೇಳಿದ್ದರ ಸಾರ ಇಷ್ಟು: ಮೆಸ್ಸೀಯನ ಕಾಲದಲ್ಲಿ ಜನಾಂಗ ಜನಾಂಗದ ಮೇಲೆ ಕತ್ತಿ ಎತ್ತುವುದಿಲ್ಲ ಎಂದು ಪ್ರವಾದಿ ಹೇಳಿದ್ದಾನೆ. ಯೇಸುವಿನ ಕಾಲದಿಂದ ಇವತ್ತಿನವರೆಗೆ ಲೋಕದ ತುಂಬಾ ಹಿಂಸೆ, ಸುಲಿಗೆ. ಹಾಗಿದ್ದ ಮೇಲೆ ಮೆಸ್ಸೀಯ ಬಂದಾಯಿತು ಅನ್ನುವುದು ಹೇಗೆ? ಕೆಲವೇ ವರ್ಷಗಳಲ್ಲಿ ಮುದುಕರಾಗಿದ್ದ ನಹ್ಮಾನಿದೆಸ್ ಸ್ಪೇನ್ ಬಿಡಬೇಕಾಯಿತು. 1267ರಲ್ಲಿ ಯೆರೂಸಲೇಮ್ ಸೇರಿದರು.

ಅವರ ಪ್ರಶ್ನೆ ಇವತ್ತಿಗೂ ಚುಚ್ಚುತ್ತದೆ, ಚುಚ್ಚಬೇಕು. ಕ್ರೈಸ್ತರ ಉತ್ತರ ಎರಡು ಬರುವಿಕೆಗಳದು. ಬಂದವನು ಮತ್ತೆ ಬರಬೇಕು. ಆರಂಭವಾದದ್ದು ಇನ್ನೂ ಮುಗಿದಿಲ್ಲ. ಲೂಕ 4ರಲ್ಲಿ ಯೇಸು ನಜರೇತಿನ ಸಭಾಮಂದಿರದಲ್ಲಿ ಯೆಶಾಯ 61 ಓದುವಾಗ, ಬಡವರಿಗೆ ಶುಭವಾರ್ತೆ, ಸೆರೆಯವರಿಗೆ ಬಿಡುಗಡೆ ಎಂದು ಓದಿ, ಮುಂದೆ ದೇವರು ಮುಯ್ಯಿ ತೀರಿಸುವ ದಿನ ಎಂಬ ಮಾತು ಬರುವ ಮೊದಲೇ ಸುರುಳಿ ಸುತ್ತಿ ಕೊಟ್ಟುಬಿಡುತ್ತಾನೆ. ಅರ್ಧಕ್ಕೇ ನಿಲ್ಲಿಸಿ, ಇದು ಈಗ ನೆರವೇರಿದೆ ಎನ್ನುತ್ತಾನೆ. ಆಗಮನ ಕಾಲದಲ್ಲಿ ನಾವು ನಾಲ್ಕು ಭಾನುವಾರ ಮೇಣದಬತ್ತಿ ಹಚ್ಚುವುದು ಸುಮ್ನೆ ಕ್ರಿಸ್ಮಸ್ ತಯಾರಿಗಲ್ಲ. ಉಳಿದರ್ಧಕ್ಕೆ ನಾವೂ ಕಾಯುತ್ತಿದ್ದೇವೆ. ಆ ಕಾಯುವುದರಲ್ಲಿ ಯೆಹೂದ್ಯರು ನಮ್ಮ ಜೊತೆಗಾರರು.

ಇನ್ನೊಬ್ಬ ತರುಣಿ, "ಹಾಗಾದರೆ ಪ್ರವಾದನೆಗಳನ್ನು ಓದುವುದು ಹೇಗೆ? ಎಲ್ಲಿಂದ ಶುರು ಮಾಡಲಿ?" ಎಂದರು.

ಒಂದು ವಚನ ಸಿಕ್ಕರೆ ಅದರ ಇಡೀ ಅಧ್ಯಾಯ ಓದಿ ಎಂದೆ. ಇಮ್ಮಾನುವೇಲ್ ಎಂಬ ಮಗು ಹುಟ್ಟುವುದೆಂದು ಕ್ರಿಸ್ಮಸ್ ಕಾರ್ಡಿನ ಮೇಲಿರುವ ಯೆಶಾಯ 7ನ್ನು ಮೊದಲ ವಚನದಿಂದ ಓದಿದರೆ ಅರಸ ಆಹಾಜ, ಅವನನ್ನು ಹೆದರಿಸುತ್ತಿದ್ದ ಇಬ್ಬರು ನೆರೆಯ ರಾಜರು, ಕ್ರಿಸ್ತಪೂರ್ವ 730ರ ದಶಕದ ಯುದ್ಧ, ಎಲ್ಲ ಕಾಣುತ್ತದೆ. ಆ ಮಗು ಮೊದಲು ಆ ಹೆದರಿದ ಅರಸನಿಗೆ ಕೊಟ್ಟ ಗುರುತು. 22ನೇ ಕೀರ್ತನೆಯನ್ನು "ನನ್ನ ದೇವರೇ, ಯಾಕೆ ಕೈಬಿಟ್ಟಿದ್ದೀ" ಎಂಬಲ್ಲಿಗೆ ನಿಲ್ಲಿಸಬೇಡಿ. ಕೊನೆಯ ತನಕ ಹೋಗಿ. ದೀನರು ಉಂಡು ತೃಪ್ತರಾಗುವ ತನಕ ಅದು ಹೋಗುತ್ತದೆ. ಹೋಶೇಯ 11ರಲ್ಲಿ ದೂರು ಮುಗಿದ ಮೇಲೆ ದೇವರು, ನಿನ್ನನ್ನು ಹೇಗೆ ಬಿಟ್ಟುಕೊಡಲಿ ಎಂದು ಕರಗುವ ಭಾಗ ಇದೆ. ಅದನ್ನು ಓದಿದ ಮೇಲೆ ಮತ್ತಾಯ ಈ ಅಧ್ಯಾಯವನ್ನೇ ಯಾಕೆ ಆರಿಸಿದ ಎಂದು ಯೋಚಿಸಿ. ಸಾಧ್ಯವಾದರೆ ಒಂದು ಯೆಹೂದಿ ವ್ಯಾಖ್ಯಾನವನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಅವರು ಪುಸ್ತಕಗಳನ್ನು ಜೋಡಿಸಿದ ಕ್ರಮವೂ ಬೇರೆ. ಅವರದು ಪೂರ್ವಕಾಲವೃತ್ತಾಂತದಲ್ಲಿ ಮುಗಿಯುತ್ತದೆ, ಯೆರೂಸಲೇಮಿಗೆ ಹೋಗಬಹುದು ಎಂಬ ಕೋರೆಷನ ಅಪ್ಪಣೆಯೊಂದಿಗೆ. ನಮ್ಮದು ಮಲಾಕಿಯನಲ್ಲಿ ಮುಗಿಯುತ್ತದೆ, ಎಲೀಯನನ್ನು ಕಳಿಸುತ್ತೇನೆ ಎಂಬ ಮಾತಿನೊಂದಿಗೆ. ಆ ಮಾತಿನ ಗುರಿ ಮುಂದಿನ ಪುಸ್ತಕ ಮತ್ತಾಯ. ಮೊದಲು ಹೋಶೇಯ 11ರಿಂದಲೇ ಶುರು ಮಾಡಿ. ಹನ್ನೆರಡೇ ವಚನ ಇವೆ.